ಬ್ರಹ್ಮಾವರದ ಕೊಂಕಣಿ ಇಗರ್ಜಿ ‘ಸಿರಿಯನ್’ ಆದದ್ದು ಹೇಗೆ?

ಬ್ರಹ್ಮಾವರದ ಎಸ್‌ಎಂಎಸ್ ಕಾಲೇಜಿನ ಹೆಸರನ್ನು ಉಡುಪಿ ಸೀಮೆಯಲ್ಲಿ ಕೇಳದವರು ಕಡಿಮೆ. ಆದರೆ ಆ ಮೂರು ಅಕ್ಷರಗಳು ‘ಸೈಂಟ್ ಮೇರೀಸ್ ಸಿರಿಯನ್’ ಎಂಬುದರ ಸಂಕ್ಷೇಪವೆಂದು ತಿಳಿದಾಗ ಪ್ರಶ್ನೆಯೊಂದು ಏಳುತ್ತದೆ: ಮನೆಯಲ್ಲಿ ಕೊಂಕಣಿ ಆಡುವ ಕ್ರೈಸ್ತರ ಇಗರ್ಜಿ ರೋಮಿನ ಪೋಪರ ಅಧೀನದಲ್ಲಿಲ್ಲದ, ಸಿರಿಯನ್ ಪೂಜಾಕ್ರಮದ ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಗೆ ಸೇರಿದ್ದು ಹೇಗೆ?

ಮೂಲ ಇರುವುದು ಗೋವಾದಲ್ಲಿ. ಪೋರ್ಚುಗಲ್ ದೊರೆಯ ಪೋಷಕತ್ವದ ‘ಪದ್ರುವಾದೊ’ ಹಕ್ಕಿನಡಿ ಕರಾವಳಿಯ ಇಗರ್ಜಿಗಳನ್ನು ಗೋವಾದ ಆರ್ಚ್‌ಬಿಷಪ್ ನೋಡಿಕೊಳ್ಳುತ್ತಿದ್ದರು. 1622ರಲ್ಲಿ ರೋಮ್, ಅಂದರೆ ಪೋಪರ ಪೀಠ, ‘ಪ್ರೊಪಗಾಂಡಾ’ ಎಂಬ ತನ್ನದೇ ಆಡಳಿತ ಮಂಡಳಿಯನ್ನು ಸ್ಥಾಪಿಸಿದ ಮೇಲೆ ಒಂದೇ ನೆಲಕ್ಕೆ ಇಬ್ಬರು ಒಡೆಯರಾದರು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದದ್ದು, 1799ರ ನಂತರ ಅವರು ಮರಳಿದ್ದು, ಇಗರ್ಜಿಗಳ ಮರುನಿರ್ಮಾಣ ಎಲ್ಲವೂ ಈ ಜಗ್ಗಾಟದ ನಡುವೆಯೇ ಕಳೆದವು.

1886ರ ಜೂನ್‌ನಲ್ಲಿ ಪದ್ರುವಾದೊ ಕುರಿತು ರೋಮ್ ಮತ್ತು ಪೋರ್ಚುಗಲ್ ಒಪ್ಪಂದಕ್ಕೆ ಬಂದವು. ಅದರ ಬೆನ್ನಿಗೇ ಮಂಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಕರಾವಳಿಯಲ್ಲಿ ಗೋವಾಕ್ಕೆ ಸೇರಿದ್ದ ಇಗರ್ಜಿಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿದ್ದ ಯೇಸುಸಭೆಯ (ಜೆಸ್ವಿಟ್) ಐರೋಪ್ಯ ಪಾದ್ರಿಗಳ ಆಡಳಿತಕ್ಕೆ ಬಂದವು. ನಾಮಕರಣದಿಂದ ಸಾವಿನ ಹೊತ್ತಿನ ಅಂತ್ಯಾಭ್ಯಂಗದವರೆಗೆ ತಮ್ಮದೇ ಭಾಷೆಯ ಗೋವಾ ಪಾದ್ರಿಗಳನ್ನು ನೆಚ್ಚಿದ್ದ ಕಲ್ಯಾಣಪುರ–ಬ್ರಹ್ಮಾವರದ ಹಲವು ಕುಟುಂಬಗಳಿಗೆ ಇದು ಆಡಳಿತದ ಬದಲಾವಣೆಯಷ್ಟೇ ಆಗಿರಲಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಆ ಇಗರ್ಜಿಗಳಲ್ಲಿ ಮಂಡಿಯೂರುತ್ತಿದ್ದವರ ಮಾತು ಕೇಳುವ ಕ್ರಮವೇ ಇರಲಿಲ್ಲ ಎಂಬುದನ್ನು ಮರೆತರೆ ಮುಂದಿನದು ಬರೀ ಹಟದಂತೆ ಕಾಣುತ್ತದೆ.

ಗೋವಾದ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ, ಪತ್ರಿಕೆ ನಡೆಸಿ ಪದ್ರುವಾದೊ ಪರ ಬರೆಯುತ್ತಿದ್ದ ಪಾದ್ರಿ ಆಂಟೋನಿಯೊ ಫ್ರಾನ್ಸಿಸ್ಕೊ ಶಾವಿಯರ್ ಅಲ್ವಾರಿಸ್ ಈ ಅಸಮಾಧಾನಕ್ಕೆ ದನಿಯಾದರು. ರೋಮನ್ನು ತೊರೆದ ಅವರು 1889ರ ಜುಲೈ 28ರಂದು ಕೊಟ್ಟಾಯಂನಲ್ಲಿ ಮಲಂಕರ ಸಭೆಯ ಹಳೆಯ ಸೆಮಿನರಿಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಮೆಟ್ರೊಪಾಲಿಟನ್ (ಹಿರಿಯ ಧರ್ಮಾಧ್ಯಕ್ಷ) ಆಗಿ ಅಭಿಷಿಕ್ತರಾದರು. ಹೊಸ ಸಭೆಗೆ ಸೇರಿದವರು ಮೊದಮೊದಲು ಹಳೆಯ ಲ್ಯಾಟಿನ್ ಪೂಜಾಕ್ರಮವನ್ನೇ ಉಳಿಸಿಕೊಂಡರು. ಅಂದರೆ ಬದಲಾದದ್ದು ಯಾರ ಅಧೀನದಲ್ಲಿ ಪ್ರಾರ್ಥಿಸುತ್ತೇವೆ ಎಂಬುದೇ ಹೊರತು ಪ್ರಾರ್ಥನೆಯಲ್ಲ. ಅಲ್ವಾರಿಸ್ ಪಣಜಿಯಲ್ಲಿ ನಿರ್ಗತಿಕರ ಸೇವೆಯಲ್ಲಿ ಬಾಳಿ 1923ರಲ್ಲಿ ತೀರಿಕೊಂಡರು. ಬ್ರಹ್ಮಾವರದಲ್ಲಿ ಸಮುದಾಯವನ್ನು ಕಾಪಾಡಿದವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. 1936ರಲ್ಲಿ ಕೊನೆಯುಸಿರೆಳೆಯುವವರೆಗೂ ಅವರು ಅಲ್ಲೇ ಇದ್ದರು.

ಮುಂದೆ ಸಿರಿಯನ್ ಪೂಜಾಕ್ರಮ ಬಂತು, ಕೊಂಕಣಿಗೆ ಅನುವಾದಗೊಂಡೇ ಬಂತು. 2010ರಲ್ಲಿ ಬ್ರಹ್ಮಾವರ ಆರ್ಥೊಡಾಕ್ಸ್ ಧರ್ಮಪ್ರಾಂತ್ಯದ ಕೇಂದ್ರವಾಯಿತು. 2012ರಲ್ಲಿ ಉಡುಪಿ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಅದರ ಪ್ರಧಾನಾಲಯವಾಯಿತು. ಸ್ವರ್ಣಾ ನದಿಯ ಸೇತುವೆ ದಾಟಿದರೆ ಒಂದರಿಂದ ಇನ್ನೊಂದಕ್ಕೆ ಕೆಲವೇ ಕಿಲೋಮೀಟರ್. ಎರಡರಲ್ಲೂ ಕೇಳುವುದು ಕೊಂಕಣಿ ಪ್ರಾರ್ಥನೆ.