ಕೊಲೆಗಾರ ಯಾರೆಂದು ಮೊದಲೇ ಗೊತ್ತು, ಮತ್ತೆ ನೋಡುವುದೇನು?

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆ ಅಂತ ಅಮೆರಿಕದ ಹಳೆಯ ಪತ್ತೇದಾರಿ ಟಿವಿ ಸರಣಿ ‘ಕೊಲಂಬೊ’ ಹಾಕಿಕೊಂಡು ಕೂತೆ. ಶುರುವಿನಲ್ಲೇ ಕೊಲೆ ಮಾಡಿದವರು ಯಾರು, ಹೇಗೆ ಮಾಡಿದರು, ಎಲ್ಲಾ ತೋರಿಸಿಬಿಟ್ಟರು. ಇನ್ನು ಒಂದು ಗಂಟೆ ಕೂತು ನೋಡುವುದಕ್ಕೆ ಏನಿದೆ?

ಉತ್ತರ: ತಾಳಮದ್ದಳೆಗೆ ಹೋಗುವವರನ್ನು ಕೇಳಿ ನೋಡಿ. ವಾಲಿ ಸಾಯುತ್ತಾನೆ ಅಂತ ಅಲ್ಲಿ ಕೂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆ ಅಂತ ಕೇಳುವುದಕ್ಕೇ ಜನ ನಿದ್ದೆಗೆಟ್ಟು ಕೂರುತ್ತಾರೆ. ಕೊಲಂಬೊ ಹೆಚ್ಚು ಕಡಿಮೆ ಅದೇ ಜಾತಿಯದು. ಕೊನೆ ಗೊತ್ತು. ಅಲ್ಲಿಗೆ ಹೋಗುವ ಮಾತಿನಲ್ಲೇ ಮಜಾ ಇರುವುದು.

ಹೀಗೆ ಕೊಲೆಯನ್ನು ಮೊದಲೇ ತೋರಿಸಿ ಕಥೆ ಹೇಳುವುದು ಟಿವಿಯವರು ಕಂಡುಹಿಡಿದದ್ದೇನಲ್ಲ. ಇಂಗ್ಲೆಂಡಿನ ಆಸ್ಟಿನ್ ಫ್ರೀಮನ್ 1912ರಲ್ಲೇ ಇಂಥ ಕಥೆಗಳ ಪುಸ್ತಕ ತಂದಿದ್ದರು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಅನ್ನುವ ಲೇಖಕರ ಜೋಡಿ ಅದನ್ನು ಅಮೆರಿಕದ ಟಿವಿಗೆ ಒಗ್ಗಿಸಿದರು. ನಟ ಪೀಟರ್ ಫಾಕ್ ಮೊದಲ ಸಲ ಪೊಲೀಸ್ ಪತ್ತೇದಾರ ಕೊಲಂಬೊ ಆಗಿ ಕಂಡದ್ದು 1968ರ ಒಂದು ಟಿವಿ ಸಿನಿಮಾದಲ್ಲಿ. ವಾರದ ಧಾರಾವಾಹಿ ಅಲ್ಲ, ಒಂದೊಂದೂ ಸಣ್ಣ ಸಿನಿಮಾದಷ್ಟು ಉದ್ದ. 2003ರವರೆಗೆ, ನಡುವೆ ದೊಡ್ಡ ಬಿಡುವಿನೊಂದಿಗೆ, ಒಟ್ಟು 69 ಕಂತು ಬಂದವು. 1971ರಲ್ಲಿ ಸರಣಿ ಶುರುವಾದಾಗ ಮೊದಲ ಕಂತಿನ ನಿರ್ದೇಶಕ ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗ. ಹೆಸರು ಸ್ಟೀವನ್ ಸ್ಪೀಲ್‌ಬರ್ಗ್!

ಈಗ ನಿಮ್ಮ ಪ್ರಶ್ನೆಗೆ ಬರೋಣ. ‘ಯಾರು’ ಅನ್ನುವ ಪ್ರಶ್ನೆ ತೆಗೆದುಹಾಕಿದರೆ ನಟರಿಗೆ ಮರೆಯಲ್ಲಿ ನಿಲ್ಲುವ ಜಾಗವೇ ಇರುವುದಿಲ್ಲ. ಬೇರೆ ಪತ್ತೇದಾರಿ ಕಥೆಗಳಲ್ಲಿ ನಟನೆ ಸುಮಾರಾಗಿದ್ದರೂ ಕುತೂಹಲ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಇಬ್ಬರು ಎದುರುಬದುರು ಕೂತು ಮಾತಾಡುತ್ತಾರೆ, ಅಷ್ಟೇ. ಮತ್ತೆ ಇಬ್ಬರೂ ನಾಟಕ ಆಡುತ್ತಿದ್ದಾರೆ. ಕೊಲೆಗಾರ ‘ನನಗೇನೂ ಗೊತ್ತಿಲ್ಲ’ ಅನ್ನುವ ನಾಟಕ. ಕೊಲಂಬೊ ‘ನನಗೇನೂ ತಿಳಿಯುವುದಿಲ್ಲ’ ಅನ್ನುವ ನಾಟಕ. ನಟನೊಬ್ಬ ನಟಿಸುತ್ತಿರುವ ಮನುಷ್ಯನನ್ನು ನಟಿಸುವುದು ಸುಲಭದ ಕೆಲಸ ಅಲ್ಲ.

ಫಾಕ್ ಅದನ್ನು ಮಾಡುವ ರೀತಿ ನೋಡಿ. ಮಳೆಯೇ ಅಪರೂಪವಾದ ಲಾಸ್ ಏಂಜಲೀಸ್‌ನಲ್ಲಿ ಮುದುಡಿದ ರೇನ್‌ಕೋಟ್. ಅದು ಫಾಕ್ ಅವರ ಸ್ವಂತದ್ದೇ, ಮನೆಯಿಂದ ತಂದದ್ದು. ಲಡಕಾಸಿ ಪ್ಯೂಜೊ ಕಾರು, ಅರ್ಧ ಉರಿದ ಚುರುಟು. ಪೆನ್ಸಿಲ್ ಬೇಕು ಅಂತ ಒಂದೊಂದೇ ಜೇಬು ತಡಕುತ್ತಾರೆ, ಕೈಗೆ ಸಿಗುವುದು ಅಂಗಡಿ ಸಾಮಾನಿನ ಚೀಟಿ. ಇಂಥದ್ದನ್ನೆಲ್ಲ ಎಷ್ಟೋ ಸಲ ಚಿತ್ರೀಕರಣದ ಹೊತ್ತಿನಲ್ಲೇ ಸೇರಿಸಿಬಿಡುತ್ತಿದ್ದರಂತೆ. ಎದುರಿಗಿದ್ದ ನಟರಿಗೆ ಮುಂದೇನು ಅಂತ ತಿಳಿಯದೆ ನಿಜವಾಗಲೂ ಕಿರಿಕಿರಿ ಆಗಲಿ ಅಂತ. ಕೊಲೆಗಾರರ ಮುಖದಲ್ಲಿ ಕಾಣುವ ಅಸಹನೆಯಲ್ಲಿ ಸ್ವಲ್ಪ ಪಾಲು ಅಸಲಿ, ಅಲ್ವಾ?

ಬಾಗಿಲವರೆಗೆ ಹೋಗಿ ತಿರುಗಿ ‘ಇನ್ನೊಂದೇ ಒಂದು ವಿಷಯ’ ಅನ್ನುವ ಕೊಲಂಬೊನ ಆ ಹೆಸರುವಾಸಿ ಚಾಳಿ ಹುಟ್ಟಿದ್ದು ಮಾತ್ರ ಸೋಮಾರಿತನದಿಂದ. ಕೊಲಂಬೊ ಟಿವಿಗೆ ಗಟ್ಟಿಯಾಗುವ ಮುಂಚೆ ರಂಗದ ಮೇಲಿನ ನಾಟಕವಾಗಿತ್ತು. ಒಂದು ದೃಶ್ಯ ತೀರಾ ಚಿಕ್ಕದಾಯಿತು, ಆದರೆ ಕೊಲಂಬೊ ಆಗಲೇ ಹೊರಟುಹೋಗಿದ್ದ. ಪುಟ ಮತ್ತೆ ಟೈಪ್ ಮಾಡುವ ಮನಸ್ಸಿಲ್ಲದೆ ಲೇಖಕರು ಅವನನ್ನು ವಾಪಸ್ ಕರೆಸಿದರು.

ಕೊಲಂಬೊನ ಪೆದ್ದು ನಾಟಕ ಕಳಚಿ ಬೀಳುವ ಗಳಿಗೆಗಳೂ ಇವೆ, ಅಪರೂಪಕ್ಕೆ. 1973ರ ಒಂದು ಕಂತಿನಲ್ಲಿ ಲೆನಾರ್ಡ್ ನಿಮೊಯ್ ಹೃದಯ ತಜ್ಞ. ಹಿರಿಯ ವೈದ್ಯರ ಹೃದಯದ ಆಪರೇಷನ್ ಮಾಡುವಾಗ, ಗಟ್ಟಿಯಾಗಿ ಉಳಿಯಬೇಕಾದ ದಾರದ ಬದಲು ಬೇಕೆಂದೇ ಕರಗಿಹೋಗುವ ದಾರ ಹಾಕಿ ಹೊಲಿದಿದ್ದಾನೆ. ಅದನ್ನು ಕಂಡುಹಿಡಿದ ನರ್ಸ್ ಕೊಲೆಯಾಗಿದ್ದಾಳೆ. ಕೊಲಂಬೊ ಎದುರಿಗೇ ಇರುವಾಗ ಈ ಡಾಕ್ಟರ್ ನಗುತ್ತಾನೆ. ಕೊಲಂಬೊನೂ ಜೊತೆಗೆ ನಗುತ್ತಾನೆ. ಮರುಕ್ಷಣ ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಎತ್ತಿ ಧಡ್ ಅಂತ ಕುಕ್ಕುತ್ತಾನೆ. ಕೊಲೆ ಮಾಡಿದವನು ನೀನೇ, ಆ ಹಿರಿಯರನ್ನೂ ಸಾಯಿಸಲು ಹೊರಟಿದ್ದೀಯ ಅಂತ ಮುಖಕ್ಕೇ ಹೇಳುತ್ತಾನೆ. ಧ್ವನಿಯಲ್ಲಿ ತೊದಲಿಲ್ಲ, ಪೆದ್ದುತನ ಇಲ್ಲ. ಅಷ್ಟು ದಿನ ಅಡಗಿಸಿಟ್ಟ ಸಿಟ್ಟು ಎಷ್ಟಿತ್ತು ಅಂತ ಆಗ ಗೊತ್ತಾಗುತ್ತದೆ. ನಾನು ಆ ಜಗ್ಗಿಗಾಗಿಯೇ ಇದನ್ನು ನಾಲ್ಕು ಸಲ ನೋಡಿದ್ದೇನೆ.

ನಿಮೊಯ್ ಒಬ್ಬರೇ ಅಲ್ಲ. ಜಾಕ್ ಕ್ಯಾಸಿಡಿ, ರಾಬರ್ಟ್ ಕಲ್ಪ್, ಹಾಡುಗಾರ ಜಾನಿ ಕ್ಯಾಶ್, ಎಂಬತ್ತು ದಾಟಿದ ರೂತ್ ಗಾರ್ಡನ್, ಎಲ್ಲರೂ ಬಂದು ಕೊಲೆ ಮಾಡಿ ಹೋಗಿದ್ದಾರೆ. ಪ್ಯಾಟ್ರಿಕ್ ಮೆಕ್‌ಗೂಹನ್ ನಾಲ್ಕು ಸಲ ಬಂದರು, ಎರಡು ಸಲ ಎಮ್ಮಿ ಪ್ರಶಸ್ತಿಯನ್ನೂ ಹೊಡೆದರು. ಬಿಡುವಿನ ನಂತರ 1989ರಿಂದ ಬಂದ ಕಂತುಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎಳೆದಾಡಿದ ಹಾಗಿವೆ. ನೀವು ಎಪ್ಪತ್ತರ ದಶಕದವನ್ನೇ ಮೊದಲು ನೋಡಿ.

ಎಲ್ಲಿಂದ ಶುರು ಮಾಡಲಿ ಅಂದರೆ, ಅದೇ 1973ರ ಅಕ್ಟೋಬರ್‌ನಲ್ಲಿ ಬಂದ ವೈನ್ ತಯಾರಕನ ಕಂತು. ಡೊನಾಲ್ಡ್ ಪ್ಲೆಸೆನ್ಸ್ ಅದರಲ್ಲಿ ಕೊಲೆಗಾರ. ವೈನ್ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲದ ಒಂಟಿ ಮನುಷ್ಯ, ಸ್ವಲ್ಪ ಜಂಬದವನು. ಅವನನ್ನು ಹಿಡಿಯುವುದಕ್ಕೆ ಕೊಲಂಬೊ ವೈನ್ ಬಗ್ಗೆ ಎಬಿಸಿಡಿಯಿಂದ ಕಲಿಯುತ್ತಾನೆ. ಕಡೆಗೆ ಅವನನ್ನು ಕರೆದುಕೊಂಡು ಹೋಗುವಾಗ ಅವನದೇ ದ್ರಾಕ್ಷಿತೋಟದ ಹತ್ತಿರ ಕಾರು ನಿಲ್ಲಿಸಿ ಒಂದು ಬಾಟಲಿ ತೆಗೆಯುತ್ತಾನೆ. ಕೊಲೆಗಾರ ಬಾಟಲಿ ನೋಡುತ್ತಾನೆ, ಆಯ್ಕೆ ಸರಿಯಾಗಿದೆ. ‘ಚೆನ್ನಾಗಿ ಕಲಿತಿದ್ದೀರಿ’ ಅನ್ನುತ್ತಾನೆ. ಕೊಲಂಬೊ ಮುಖದಲ್ಲಿ ಮೇಷ್ಟ್ರು ಶಹಬ್ಬಾಸ್ ಅಂದ ಹುಡುಗನ ಖುಷಿ. ಈ ಸಲ ಅದು ನಾಟಕವಲ್ಲ.