ಹಸಿರು ಪಾಸ್‌ಪೋರ್ಟ್ ಮತ್ತು ರೈಲಿನ ಆ ಸೀಟು: ರ‍್ಯಾಪರ್ ಟಾರ್ಚ್ ಹಾಡಿದ ಪ್ರಶ್ನೆಯ ಹಿನ್ನೆಲೆ

ಜರ್ಮನಿಯಲ್ಲಿ ಪೌರತ್ವ ಕಾನೂನು ಮತ್ತೆ ಮತ್ತೆ ಬದಲಾಗಿದೆ. ಯಾವಾಗ ಏನಾಯಿತು ಅಂತ ಹಿಡಿದಿಟ್ಟುಕೊಳ್ಳೋದೇ ಕಷ್ಟ. ನನಗೆ ದಾರಿ ತೋರಿಸಿದ್ದು 1992ರ ಒಂದು ಹಾಡು, ‘ಸ್ವಂತ ನಾಡಿನಲ್ಲೇ ಪರಕೀಯ’. ಹಾಡಿದ್ದು ಹೈಡೆಲ್‌ಬರ್ಗ್ ಊರಿನ ‘ಅಡ್ವಾನ್ಸ್ಡ್ ಕೆಮಿಸ್ಟ್ರಿ’ ತಂಡ. ಅದರಲ್ಲೊಬ್ಬರು ಟಾರ್ಚ್. ಇಲ್ಲೇ ಹುಟ್ಟಿ ಬೆಳೆದವನು ಇಲ್ಲಿಗೇ ಪರಕೀಯ ಹೇಗಾದ ಅನ್ನೋದು ಹಾಡಿನ ಪ್ರಶ್ನೆ.

ಟಾರ್ಚ್ ನಿಜವಾದ ಹೆಸರು ಫ್ರೆಡರಿಕ್ ಹಾನ್. 1971ರಲ್ಲಿ ಅದೇ ಊರಲ್ಲಿ ಹುಟ್ಟಿದವರು. ತಾಯಿ ಹೈಟಿಯವರು, ತಂದೆ ಜರ್ಮನ್.

1913ರ ಕಾನೂನಿನ ಪ್ರಕಾರ ಜರ್ಮನ್ ಆಗುತ್ತಿದ್ದದ್ದು ರಕ್ತದಿಂದ, ಅಂದರೆ ಹೆತ್ತವರಿಂದ, ಹುಟ್ಟಿದ ನೆಲದಿಂದಲ್ಲ. 1955ರಲ್ಲಿ ಇಟಲಿಯಿಂದ, 1961ರಲ್ಲಿ ಟರ್ಕಿಯಿಂದ ಕೆಲಸಗಾರರನ್ನು ಕರೆಸಿಕೊಂಡರು, 1973ರಲ್ಲಿ ಸಾಕು ಅಂದರು. ಅವರಿಗೆ ಇಟ್ಟ ಹೆಸರು ‘ಅತಿಥಿ ಕೆಲಸಗಾರ’. ಅತಿಥಿ ಅಂದಮೇಲೆ ಒಂದು ದಿನ ಗಂಟುಮೂಟೆ ಕಟ್ಟಬೇಕು ಅಲ್ವಾ? ಲಕ್ಷಾಂತರ ಜನ ಅಲ್ಲೇ ಉಳಿದರು. ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಓದಿ, ಕಾಗದದಲ್ಲಿ ಮಾತ್ರ ವಿದೇಶಿಯರಾಗಿ ಬೆಳೆದರು.

ಹೈಡೆಲ್‌ಬರ್ಗ್‌ನಲ್ಲಿ ಅಮೆರಿಕದ ಸೇನೆಯ ದೊಡ್ಡ ನೆಲೆ ಇತ್ತು. ಸೈನಿಕರ ರೇಡಿಯೋ ಜೊತೆ ಹಿಪ್‌ಹಾಪ್ ಕೂಡ ಊರೊಳಗೆ ಬಂತು. 1987ರಲ್ಲಿ ತಂಡ ಶುರುವಾಯಿತು. ತಂಡದ ಟೋನಿ ಎಲ್ ಮನೆಯವರು ಇಟಲಿ ಮೂಲದವರು, ಇನ್ನೊಬ್ಬ ಹಾಡುಗಾರ ಲಿಂಗ್ವಿಸ್ಟ್ ಅವರ ಬೇರು ಘಾನಾದಲ್ಲಿ. ಇಂಗ್ಲಿಷಲ್ಲೇ ರ‍್ಯಾಪ್ ಮಾಡಬೇಕು ಅಂತ ಎಲ್ಲರೂ ನಂಬಿದ್ದ ಕಾಲ ಅದು. ವೇದಿಕೆ ಮೇಲೆ ನಿಂತ ನಿಲುವಿನಲ್ಲೇ ಜರ್ಮನ್ ಸಾಲು ಕಟ್ಟಿ ಹೇಳಿದ ಮೊದಲಿಗರಲ್ಲಿ ಟಾರ್ಚ್ ಒಬ್ಬರು. ನನ್ನ ಪ್ರಕಾರ ಆ ಭಾಷೆಯ ಆಯ್ಕೆಯೇ ಅರ್ಧ ಉತ್ತರ. ಇದು ನನ್ನ ಮಾತು, ನನ್ನ ಮನೆಯ ಮಾತು ಅಂತ ಹೇಳಿದ ಹಾಗೆ.

ಹಾಡು ಶುರುವಾಗೋದೇ ಜರ್ಮನ್ ಪಾಸ್‌ಪೋರ್ಟ್‌ನಿಂದ. ಹಸಿರು ರಟ್ಟು, ಮೇಲೆ ಚಿನ್ನದ ಬಣ್ಣದ ಹದ್ದು. ಅದು ಹಾಡುವವನ ಹತ್ತಿರವೇ ಇದೆ! ಆದರೂ ಗಡಿಯ ಕಡೆ ಹೋಗುವ ರೈಲಿನಲ್ಲಿ ಗುರುತಿನ ಚೀಟಿ ತೋರಿಸಬೇಕಾದವನು ಅವನೊಬ್ಬನೇ. ಪಕ್ಕದ ಸೀಟಿನವರನ್ನು ಯಾರೂ ಕೇಳಲ್ಲ. ಕಾಗದ ಸರಿಯಾಗಿದ್ದರೂ ಮುಖ ಸರಿಯಿಲ್ಲ ಅನ್ನೋದು ಹಾಡಿನ ನೋವು.

ಆ ವರ್ಷ ಪಾಪ್ ಪಟ್ಟಿಗಳಲ್ಲಿ ಓಡುತ್ತಿದ್ದ ಜರ್ಮನ್ ರ‍್ಯಾಪ್ ಒಂದು ಹುಡುಗಿಯ ಕುರಿತ ತಮಾಷೆ ಹಾಡು. ಹೊರಗೆ ಕಾಲ ಹಾಗಿರಲಿಲ್ಲ. ಆಗಸ್ಟ್‌ನಲ್ಲಿ ರೋಸ್ಟಾಕ್ ನಗರದಲ್ಲಿ ವಿಯೆಟ್ನಾಂ ಕೆಲಸಗಾರರಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಒಳಗೆ ನೂರಕ್ಕೂ ಜಾಸ್ತಿ ಜನ, ಹೊರಗೆ ಚಪ್ಪಾಳೆ. ನವೆಂಬರ್‌ನಲ್ಲಿ ಮೋಲ್ನ್ ಊರಿನಲ್ಲಿ ಟರ್ಕಿ ಮೂಲದ ಕುಟುಂಬದ ಮನೆ ಸುಟ್ಟು ಮೂವರು ಸತ್ತರು. 1993ರ ಮೇ 26ರಂದು ಸಂಸತ್ತು ಬೇರೆ ದೇಶದಿಂದ ರಕ್ಷಣೆ ಕೋರಿ ಬಂದವರ ಆಶ್ರಯದ ಹಕ್ಕನ್ನು ಬಿಗಿ ಮಾಡಿತು. ಮೂರೇ ದಿನಕ್ಕೆ ಝೋಲಿಂಗನ್‌ನಲ್ಲಿ ಮತ್ತೊಂದು ಮನೆಗೆ ಬೆಂಕಿ ಬಿತ್ತು. ಐವರು ಹೆಣ್ಣುಮಕ್ಕಳು ಸತ್ತುಹೋದರು.

2000ದಲ್ಲಿ ಟಾರ್ಚ್ ಒಬ್ಬರೇ ಮಾಡಿದ ಆಲ್ಬಂ ‘ಬ್ಲಾವರ್ ಸಾಮ್ಟ್’ ಬಂತು. ಅದೇ ವರ್ಷ ಜನವರಿಯಿಂದ, ತಂದೆ ಅಥವಾ ತಾಯಿ ಎಂಟು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ ಅಲ್ಲಿ ಹುಟ್ಟಿದ ಮಗುವಿಗೂ ಪೌರತ್ವ ಸಿಗತೊಡಗಿತು. ಜೂನ್‌ನಲ್ಲಿ ಡೆಸ್ಸಾವ್‌ನ ಪಾರ್ಕೊಂದರಲ್ಲಿ ಮೊಝಾಂಬಿಕ್ ಮೂಲದ ಆಲ್ಬರ್ಟೊ ಆಡ್ರಿಯಾನೊ ಅವರನ್ನು ಹೊಡೆದು ಕೊಂದರು. ಮರುವರ್ಷ ಟಾರ್ಚ್ ಸೇರಿದಂತೆ ಹಲವು ಆಫ್ರೋ-ಜರ್ಮನ್ (ಆಫ್ರಿಕನ್ ಬೇರಿನ ಜರ್ಮನ್) ಕಲಾವಿದರು ‘ಬ್ರದರ್ಸ್ ಕೀಪರ್ಸ್’ ಹೆಸರಲ್ಲಿ ಒಂದಾಗಿ ಆ ಸಾವಿನ ಬಗ್ಗೆ ಹಾಡಿದರು.

ಆಮೇಲೆ ಗೂಂಡಾ ಬದುಕನ್ನು ಹಾಡುವ ಬರ್ಲಿನ್ನಿನ ಗ್ಯಾಂಗ್‌ಸ್ಟರ್ ರ‍್ಯಾಪ್ ಮಾರುಕಟ್ಟೆ ಹಿಡಿಯಿತು. 2023ರಲ್ಲಿ ಹೈಡೆಲ್‌ಬರ್ಗ್‌ನ ಹಿಪ್‌ಹಾಪ್ ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು. 2024ರ ಜೂನ್‌ನಿಂದ ಹಳೆಯ ದೇಶದ ಪೌರತ್ವ ಬಿಡದೆಯೇ ಜರ್ಮನ್ ಆಗಬಹುದು.

ಇನ್ನು ಆ ರೈಲು. 2010ರಲ್ಲಿ ಕಪ್ಪುವರ್ಣದ ಜರ್ಮನ್ ವಿದ್ಯಾರ್ಥಿಯೊಬ್ಬರನ್ನು ಪೊಲೀಸರು ರೈಲಿನಲ್ಲಿ ಗುರುತಿನ ಚೀಟಿ ಕೇಳಿದರು. ಮೈಬಣ್ಣ ನೋಡಿ ಹಾಗೆ ಕೇಳೋದು ಸಂವಿಧಾನಕ್ಕೆ ವಿರುದ್ಧ ಅಂತ ಕೋಬ್ಲೆನ್ಜ್‌ನ ನ್ಯಾಯಾಲಯ ಹೇಳಿದ್ದು 2012ರ ಅಕ್ಟೋಬರ್‌ನಲ್ಲಿ. ಆಗ ಹಾಡಿಗೆ ಇಪ್ಪತ್ತು ವರ್ಷ.