ಕಾಲಿನ ನಾಳಕ್ಕೆ ಎದೆಯಲ್ಲಿ ಹೊಸ ಕೆಲಸ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದ ಕೆಲವೇ ತಿಂಗಳಲ್ಲಿ ಮಾತ್ರೆ ನಿಲ್ಲಿಸಿಬಿಡುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಅಡಿಕೆ ಕೊಯ್ಲು ಮುಗಿಸಿ ಶಿವಮೊಗ್ಗಕ್ಕೆ ತಪಾಸಣೆಗೆ ಬರುವವರಲ್ಲಿ ಇಂಥವರು ಪ್ರತಿವರ್ಷ ಸಿಗುತ್ತಾರೆ. "ಹೊಸ ಪೈಪು ಹಾಕಿದ್ದಾರಲ್ಲ ಡಾಕ್ಟರೇ, ಇನ್ನು ಮಾತ್ರೆ ಯಾಕೆ?"

ಹಾಕಿದ್ದು ಪೈಪಲ್ಲ, ನಿಮ್ಮದೇ ಕಾಲಿನಿಂದ ತೆಗೆದ ಜೀವಂತ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳ. ಅದು ಕಾಲಿನಲ್ಲಿದ್ದಾಗ, ನೀವು ಮಲಗಿದ್ದರೆ, ಬಿ.ಪಿ. ಅಳೆಯುವ ಲೆಕ್ಕದಲ್ಲಿ ಅದರೊಳಗಿನ ಒತ್ತಡ 10ರ ಆಸುಪಾಸು. ಎದೆಗೆ ಹೊಲಿದ ಕ್ಷಣದಿಂದ ಪ್ರತಿ ಬಡಿತಕ್ಕೂ 120ರ ಹೊಡೆತ ತಿನ್ನಬೇಕು. ಕೆಲವೇ ಗಂಟೆಗಳಲ್ಲಿ ಅದರ ಕೋಶಗಳಲ್ಲಿ ಸುಮ್ಮನಿದ್ದ ಜೀನ್‌ಗಳು ಚುರುಕಾಗುತ್ತವೆ. ಉರಿಯೂತಕ್ಕೆ ಸಂಬಂಧಿಸಿದವು, ಕೋಶ ವಿಭಜನೆಗೆ ಸಂಬಂಧಿಸಿದವು. ಗೋಡೆಯ ಸ್ನಾಯುಕೋಶಗಳು ಒಳಪದರಕ್ಕೆ ಸರಿದು ಅಲ್ಲಿ ಹೆಚ್ಚತೊಡಗುತ್ತವೆ. ಒತ್ತಡ ತಾಳಲು ಗೋಡೆ ಸ್ವಲ್ಪ ದಪ್ಪವಾಗಲೇಬೇಕು. ಅತಿಯಾದರೆ ದಾರಿ ಕಿರಿದಾಗುತ್ತದೆ, ವರ್ಷಗಳು ಕಳೆದಂತೆ ಅಲ್ಲೇ ಕೊಬ್ಬೂ ಕೂರುತ್ತದೆ. ಹತ್ತು ವರ್ಷಗಳಲ್ಲಿ ಕಾಲಿನಿಂದ ತೆಗೆದ ನಾಳಗಳ ಪೈಕಿ ಸುಮಾರು ಅರ್ಧದಷ್ಟು ಮುಚ್ಚಿರುತ್ತವೆ ಇಲ್ಲವೇ ಕೆಟ್ಟಿರುತ್ತವೆ. ಎದೆಗೂಡಿನ ಒಳಗಿನ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಬಳಸಿದರೆ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ, ಅದಕ್ಕೊಂದು ಕಾರಣ, ಅದು ಮೊದಲಿನಿಂದಲೂ ಈ ಒತ್ತಡದಲ್ಲೇ ಬದುಕಿದ್ದು.

ಗೋಡೆ ಹೀಗೆ ಅತಿಯಾಗಿ ದಪ್ಪವಾಗದಿರಲೆಂದು ವೈದ್ಯರು ಕೋಶ ವಿಭಜನೆಯ ಜೀನ್‌ಗಳನ್ನೇ ತಡೆಯುವ ಎಡಿಫೋಲಿಜೈಡ್ ಎಂಬ ಔಷಧದಲ್ಲಿ ನಾಳವನ್ನು ಅದ್ದಿ ಹೊಲಿದು ನೋಡಿದರು. ಅಮೆರಿಕದಲ್ಲಿ ಸುಮಾರು 3,000 ರೋಗಿಗಳ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಉಪಯೋಗವಾಗಲಿಲ್ಲ. ನಮ್ಮ ಕೈಯಲ್ಲಿ ಈಗ ಉಳಿದಿರುವುದು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಆಸ್ಪಿರಿನ್, ಕೊಬ್ಬನ್ನೂ ಉರಿಯೂತವನ್ನೂ ತಗ್ಗಿಸುವ ಸ್ಟಾಟಿನ್, ರಕ್ತದೊತ್ತಡ ಮತ್ತು ಸಕ್ಕರೆಯ ಹಿಡಿತ, ತಂಬಾಕು ಬಿಡುವುದು.

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಪಂಚೆ ಸರಿಸಿ ಕಾಲಿನ ಉದ್ದನೆಯ ಗಾಯದ ಗೆರೆ ತೋರಿಸಿ, "ಪೂರ್ತಿ ಮಾಗಿದೆ" ಎಂದರು. ಮಾತ್ರೆ ಕೇಳಿದಾಗ ಎಲೆಯಡಿಕೆ ಸಂಚಿಯಿಂದ ಮಾತ್ರೆಯ ಹಾಳೆ ತೆಗೆದರು. ಒಂದು ಗುಳಿಗೆಯೂ ಖರ್ಚಾಗಿರಲಿಲ್ಲ, ಹೊಗೆಸೊಪ್ಪಿನ ಚೂರು ಮಾತ್ರ ಅದಕ್ಕೆ ಅಂಟಿತ್ತು. "ನಾನು ಹೇಳಿದರೆ ಕೇಳುವುದಿಲ್ಲ, ನೀವೇ ಹೇಳಿ" ಎಂದು ಅವರ ಮನೆಯವರು ಕಣ್ಣೊರೆಸಿಕೊಂಡರು. "ರಾಯರೇ, ಮಾಗಿದ್ದು ಕಾಲು. ಎದೆಯೊಳಗಿನ ನಾಳ ಇನ್ನೂ ಬದಲಾಗುತ್ತಲೇ ಇದೆ" ಎಂದೆ.

ಎಲ್ಲರಿಗೂ ಒಂದೇ ಪ್ರಮಾಣ ಹೊಂದುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಿದ್ದರೆ, ಸ್ಟಾಟಿನ್‌ನಿಂದ ಮೈಕೈ ನೋವು ಬಂದರೆ ಬದಲಿಸಲು ದಾರಿಗಳಿವೆ. ಹಲ್ಲು ಕೀಳಿಸುವ ಮೊದಲೂ ನೀವಾಗಿಯೇ ಆಸ್ಪಿರಿನ್ ನಿಲ್ಲಿಸದೆ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಆಗುಂಬೆ, ಹೊಸನಗರದ ಒಳಊರುಗಳವರು ಮಳೆ ಹಿಡಿಯುವ ಮೊದಲೇ ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ.